ಗುರುವಾರ ನಾಲ್ಕು ಗಂಟೆಯ ಪಿಜ್ಜಾ

ಬೆಟಗೇರಿಯಲ್ಲಿ ಪಿಜ್ಜಾ ಅಂಗಡಿ ಇಟ್ಟವನು ನಗುವ ಪ್ರಸಂಗ ಹುಡುಕಿಕೊಂಡು ಎಲ್ಲಿಗೂ ಹೋಗಬೇಕಾಗಿಲ್ಲ. ಅವೇ ಬಾಗಿಲಲ್ಲಿ ಚಪ್ಪಲಿ ಬಿಟ್ಟು ಒಳಗೆ ಬಂದು ಕೂರುತ್ತವೆ. ನಾನು ಮಾತ್ರ ನಗುವವನಲ್ಲ. ಹಗಲೆಲ್ಲ ಭಟ್ಟಿಯ ಮುಂದೆ ನಿಂತವನ ಮುಖ ಹೇಗಿರಬೇಕೋ ಹಾಗೆಯೇ ಇದೆ. "ಈ ಸಾಬರು ನಕ್ಕರ ಮಳಿ ಬರತೈತಿ" ಎಂದು ಓಣಿಯವರು ಆಡಿಕೊಳ್ಳುತ್ತಾರೆ.

ಭಟ್ಟಿ ನಮ್ಮ ಅಬ್ಬಾ ಕಟ್ಟಿಸಿದ್ದು. ಅವರು ಇರುವವರೆಗೂ ಅದರಲ್ಲಿ ಖಾರಿ, ಟೋಸ್ಟು, ಬ್ರೆಡ್ಡು ಬೆಂದವು. ಅವರು ಹೋದ ಮೇಲೆ ನಾನು ಪುಣೆಯಲ್ಲಿ ಕೆಲಸ ಕಲಿತು ಬಂದು ಅದೇ ಭಟ್ಟಿಯಲ್ಲಿ ಪಿಜ್ಜಾ ಬೇಯಿಸತೊಡಗಿದೆ. ಐದು ಮೇಜು, ಶುದ್ಧ ಸಸ್ಯಾಹಾರಿ. ಕೆಳಗೆ ಬರೆದದ್ದರಲ್ಲಿ ಯಾರ ಹೆಸರನ್ನೂ ಹೇಳುವುದಿಲ್ಲ. ಅವರಲ್ಲಿ ಒಬ್ಬರಿಗಂತೂ ಮಾತು ಕೊಟ್ಟಿದ್ದೇನೆ, ಅದನ್ನು ಉಳಿಸಿಕೊಳ್ಳುವಷ್ಟರಲ್ಲಿ ಸಾಕುಸಾಕಾಯಿತು.

ನೆಟ್ಟಗಾದ ಗೋಪುರ

ಅಂಗಡಿಗೆ 'ಇಟಾಲಿಯನ್ ಪಿಜ್ಜಾ' ಎಂದು ಹೆಸರಿಟ್ಟ ಮೇಲೆ ಬೋರ್ಡಿನಲ್ಲಿ ಆ ದೇಶದ್ದೂ ಏನಾದರೂ ಇರಲಿ ಅನ್ನಿಸಿತು. ಅಲ್ಲಿಯ ವಾಲಿದ ಗೋಪುರದ ಚಿತ್ರವನ್ನು ಮೊಬೈಲಿನಲ್ಲಿ ತೋರಿಸಿ ನಮ್ಮ ಓಣಿಯ ಪೇಂಟರಿಗೆ ಬರೆಯಲು ಹೇಳಿದೆ. ವಯಸ್ಸಾದವರು, ಗದಗಿನ ಅರ್ಧ ಅಂಗಡಿಗಳ ಹೆಸರು ಅವರ ಕೈಯಿಂದಲೇ ಆದದ್ದು. ಎರಡು ದಿನ ಬಿಟ್ಟು ಹೋಗಿ ನೋಡಿದರೆ ಗೋಪುರ ವಿದ್ಯುತ್ ಕಂಬದ ಹಾಗೆ ನೆಟ್ಟಗೆ ನಿಂತಿದೆ.

"ಇದು ವಾಲಿರಬೇಕಲ್ಲರಿ?" ಎಂದೆ.

"ವಾಲಿತ್ತರಿ. ನಾನ ನೆಟ್ಟಗ ಮಾಡೇನಿ."

"ಅದು ಇರೋದ ಹಂಗರಿ."

"ಇದ್ದೀತರಿ. ಅದನ್ನ ಕಟ್ಟಿದ ಗೌಂಡಿ ತಪ್ಪು ಮಾಡ್ಯಾನಂತ ನಾ ಯಾಕ ಮಾಡ್ಲಿ? ನಾಳೆ ನಿಮ್ಮ ಅಂಗಡಿ ಮುಂದ ನಿಂತ ಮಂದಿ ಇಟಲಿ ಗೌಂಡಿನ್ನ ಬೈಯಂಗಿಲ್ಲ, ನನ್ನ ಬೈತಾರ."

ಜೀವಮಾನದಲ್ಲಿ ಒಂದು ಸೊಟ್ಟ ಗೆರೆ ಎಳೆಯದ ಕೈ ಅದು. ಹಾಗೆಯೇ ಏರಿಸಿದೆವು. ಆಷಾಢದಲ್ಲಿ ಕಪ್ಪತಗುಡ್ಡದ ಕಡೆಯಿಂದ ಗಾಳಿ ಎದ್ದು ಬೋರ್ಡಿನ ಒಂದು ಬದಿಯ ಮೊಳೆ ಕಿತ್ತಿತು. ಈಗ ಅಕ್ಷರಗಳೆಲ್ಲ ಸೊಟ್ಟ. ಗೋಪುರ ಮಾತ್ರ ಇಟಲಿಯಲ್ಲಿ ಎಷ್ಟು ವಾಲಿದೆಯೋ ಅಷ್ಟೇ ವಾಲಿದೆ.

ಗುಡಿಗೆಂದು ಹೊರಟ ಅಜ್ಜಿ

ಬೋರ್ಡು ಜೋತುಬಿದ್ದ ವಾರವೇ, ಗುರುವಾರ ನಾಲ್ಕು ಗಂಟೆಗೆ, ಒಬ್ಬ ಅಜ್ಜಿ ಮೊದಲ ಸಲ ಬಂದರು. ಇಳಕಲ್ ಸೀರೆ, ಕೈಯಲ್ಲಿ ಹಣ್ಣು ಕಾಯಿಯ ಚೀಲ. ಬಾಗಿಲಲ್ಲಿ ಚಪ್ಪಲಿ ಬಿಟ್ಟು, ರಸ್ತೆಯ ಎರಡೂ ಕಡೆ ನೋಡಿ, ಮೂಲೆಯ ಮೇಜಿಗೆ ಹೋಗಿ ಗೋಡೆಗೆ ಮುಖ ಮಾಡಿ ಕೂತರು.

"ತಮ್ಮಾ, ರಸ್ತಾಕ ವಾಸನಿ ಬರತೈತಲ್ಲ, ಅದನ್ನ ಕೊಡು. ಸಣ್ಣದು."

ಕೊಟ್ಟೆ. ಮೇಲಿದ್ದ ದೊಣ್ಣಮೆಣಸಿನಕಾಯಿಯ ಚೂರುಗಳನ್ನು ಒಂದೊಂದಾಗಿ ಆರಿಸಿ ತಟ್ಟೆಯ ಅಂಚಿಗೆ ಸಾಲಾಗಿ ಇಟ್ಟರು. "ಇದೊಂದು ನನಗ ಆಗಂಗಿಲ್ಲ" ಎಂದರು. ಆಮೇಲೆ ಆರಲು ಬಿಡದೆ ತಿನ್ನತೊಡಗಿದರು.

"ಸಾವಕಾಶ ತಿನ್ರಿ ಅಮ್ಮಾರ, ಬಾಯಿ ಸುಡತೈತಿ."

"ಸುಡ್ಲಿ ಬಿಡೋ. ಹನ್ನೊಂದು ಮಂದಿ ಮನಿ ನಂದು. ಎಲ್ಲಾರ ತಾಟಿಗೂ ಬಿಸಿ ರೊಟ್ಟಿ ಹಾಕ್ಕೋತ ಬಂದೇನಿ. ಕಡೀಕ ನಾ ಕುಂಡ್ರೂ ಹೊತ್ತಿಗೆ ಎಲ್ಲಾ ಆರಿರತಿತ್ತು. ಈಗ ಸೊಸೆಂದ್ರು ಮೊದಲ ಕುಂಡ್ರಿ ಅಂತಾರ, ನನಗ ರೂಢಿ ಇಲ್ಲ."

ನಮ್ಮ ಅಮ್ಮಿಯೂ ಎಲ್ಲರದೂ ಆದ ಮೇಲೇ ಉಣ್ಣುತ್ತಿದ್ದಳು. ಅವಳಿಗೆ ಬಿಸಿಯದು ಸಿಕ್ಕಿತೋ ಇಲ್ಲವೋ ಎಂದು ನಾನು ಒಂದು ದಿನವೂ ಕೇಳಿರಲಿಲ್ಲ.

ಅಜ್ಜಿಯ ದೊಡ್ಡ ಮಗ ಬೆಟಗೇರಿಯಲ್ಲಿ ಅರಿವೆ ಅಂಗಡಿ ಇಟ್ಟವರು. ಅವರ ಮನೆಯಲ್ಲಿ ಹೊರಗಿನ ತುತ್ತು ಹೊಸ್ತಿಲು ದಾಟುವಂತಿಲ್ಲ. ಅದಕ್ಕೇ ಅಜ್ಜಿ ಏಳುವಾಗ ಹೇಳಿದರು:

"ಗುರುವಾರ ಗುರುವಾರ ಗುಡಿಗೆ ಹೊಕ್ಕೇನಂತ ಹೇಳಿ ಬರ್ತೇನಿ. ಸುಳ್ಳಲ್ಲ, ಇಲ್ಲಿಂದ ಅಲ್ಲಿಗೇ ಹೋಗೋದು. ಆದ್ರ ನನ್ನ ಮಗನ ಮುಂದ, ನಮ್ಮ ಮನಿ ಮಂದಿ ಮುಂದ ಇದನ್ನ ಹೇಳಬಾರದು. ನಿಮ್ಮಪ್ಪನ ಭಟ್ಟಿ ಮುಟ್ಟಿ ಆಣಿ ಮಾಡು."

ಹಿರಿಯರ ಮಾತು. ಹಿಂದುಮುಂದು ನೋಡದೆ ಹೋಗಿ ಅಂಗೈ ಇಟ್ಟೆ. ಚುರ್ ಎಂದಿತು. ಬೊಬ್ಬೆ ಎದ್ದ ಕೈಯನ್ನು ನಾನು ನೀರಲ್ಲಿ ಅದ್ದುತ್ತಿದ್ದರೆ ಅಜ್ಜಿ ಸಮಾಧಾನದಿಂದ ಅಂದರು:

"ಹಾಂ. ಇನ್ನ ಮರಿಯಂಗಿಲ್ಲ ನೀ."

ಪಲ್ಯ ಬರಲಿ

ಒಂದು ಗುರುವಾರ ಶಿರಹಟ್ಟಿಯಿಂದ ಹೆಣ್ಣು ನೋಡಲು ಬಂದ ಬೀಗರು, ಗದಗಿನ ಹೆಣ್ಣಿನ ಕಡೆಯವರು, ಎಲ್ಲ ಸೇರಿ ಹದಿನಾಲ್ಕು ಮಂದಿ ನಮ್ಮ ಅಂಗಡಿಗೇ ಬಂದರು. ಮನೆಯಲ್ಲಿ ಬೇಡ, ಹುಡುಗ ಹುಡುಗಿ ಹೊರಗೆ ನಾಲ್ಕು ಮಾತಾಡಲಿ ಎಂದು ಯಾರೋ ಹೊಸ ಕಾಲದವರು ಸೂಚಿಸಿದ್ದಂತೆ. ಆರು ದೊಡ್ಡ ಪಿಜ್ಜಾ ತಂದಿಟ್ಟೆ. ಯಾರೂ ಮುಟ್ಟಲಿಲ್ಲ. ಐದು ನಿಮಿಷವಾಯಿತು, ಹತ್ತಾಯಿತು. ಚೀಸ್ ಗಟ್ಟಿಯಾಗತೊಡಗಿತು. ಹದಿನಾಲ್ಕು ಮಂದಿ ಕೈಕಟ್ಟಿಕೊಂಡು, ಶೋಕಸಭೆಗೆ ಬಂದವರಂತೆ ಕೂತಿದ್ದಾರೆ.

ಏನು ತಪ್ಪಾಯಿತೋ ತಿಳಿಯದೆ, ಮೂಲೆಯಲ್ಲಿ ತಿನ್ನುತ್ತಿದ್ದ ಅಜ್ಜಿಯ ಹತ್ತಿರ ಹೋಗಿ ಮೆಲ್ಲಗೆ ಕೇಳಿದೆ. ಅವರು ತಿರುಗಿಯೂ ನೋಡದೆ ಅಂದರು:

"ಹಿರ್ಯಾ ರೊಟ್ಟಿ ಮುರಿಯೂತನಕ ಉಳಿದವರು ಮುರಿಯಂಗಿಲ್ಲ. ಪಲ್ಯಾ ಬರೂತನಕ ಹಿರ್ಯಾ ಮುರಿಯಂಗಿಲ್ಲ. ನೀ ಬರೇ ರೊಟ್ಟಿ ಇಟ್ಟು ಬಂದೀದಿ."

ನಾನು ಏನು ಹೇಳುವುದೆಂದು ಯೋಚಿಸುವಷ್ಟರಲ್ಲಿ ಹುಡುಗಿಯೇ ಕೈ ಚಾಚಿ ಒಂದು ತುಂಡು ಎತ್ತಿ ಕಚ್ಚಿದಳು. ಅವಳ ತಾಯಿಯ ಮುಖ ಬಿಳಿಚಿತು. ಎಲ್ಲರೂ ಹುಡುಗನ ಅಜ್ಜನ ಕಡೆ ನೋಡಿದರು. ಅಜ್ಜ ಮೀಸೆ ತಿರುವಿ, "ಹಸಿವಿ ಆದ್ರ ಬಾಯಿಬಿಟ್ಟು ಹೇಳೂ ಹುಡುಗಿ ಚಲೋ. ಹೊಟ್ಟ್ಯಾಗ ಇಟ್ಕೊಂಡು ಸಿಟ್ಟು ಮಾಡೂ ಮಂದಿ ನಮ್ಮನ್ಯಾಗ ಬೇಕಾದಷ್ಟ ಅದಾರ" ಎಂದ. ಅವನ ಹೆಂಡತಿ ನೆಲ ನೋಡಿದಳು. ಸಂಬಂಧ ಅಲ್ಲೇ ಕುದುರಿತು.

ಹೋಗುವಾಗ ಅಜ್ಜ ನನ್ನ ಹೆಗಲ ಮೇಲೆ ಕೈ ಇಟ್ಟ. "ಎಲ್ಲಾ ಛಂದ ಆತರಿ ಸಾಬ್ರ. ಪಲ್ಯಾ ಒಂದು ಕಡೀತನಕ ಬರ್ಲಿಲ್ಲ ನೋಡ್ರಿ."

ಒಂದು ಸೊಸಿಗೆ, ಒಂದು ಬಸ್ಸಿಗೆ

ಹಿರೇವಡ್ಡಟ್ಟಿಯಿಂದ ಒಬ್ಬ ಯಜಮಾನರು ಬಂದರು. ಧೋತರ, ರುಮಾಲು, ಕೋರ್ಟಿಗೆ ಹೊರಟವರ ಗಾಂಭೀರ್ಯ. ಸೊಸೆ ಬಸುರಿ, ಅವಳಿಗೆ ಪಿಜ್ಜಾದ ಬಯಕೆ. ಬಸುರಿಯ ಬಯಕೆ ತೀರಿಸದಿದ್ದರೆ ದೋಷ ಎಂದು ಹೆಂಡತಿ ಬೆಳಗಿನ ಬಸ್ಸಿಗೇ ಅಟ್ಟಿದ್ದಳು. ಕಟ್ಟಿಸಿಕೊಂಡು, ಡಬ್ಬಿಯನ್ನು ಎರಡೂ ಅಂಗೈ ಮೇಲೆ ಹೊತ್ತು ಮುಂಡರಗಿ ಬಸ್ಸಿಗೆ ಹೋದರು.

ಮರುವಾರ ಮತ್ತೆ ಬಂದರು. "ಸೊಸಿ ಖುಷಿ ಆದಳೇನರಿ?" ಎಂದೆ.

"ಎಲ್ಲೀದು ಖುಷಿ. ವಾಸನಿ ಬಿಟ್ಟೀತಲ್ಲ ನಿಮ್ಮ ಪಿಜ್ಜಾ, ಬಾಜೂಕ ಕುಂತ ಕೂಸು ಡಬ್ಬಿನ್ನ ನೋಡಾಕ ಹತ್ತಿತು. ಬಸುರಿ ತಿನ್ನೂ ವಸ್ತು, ಕೂಸಿನ ದೃಷ್ಟಿ ಬಿದ್ರ ದಕ್ಕತೈತೇನು? ಒಂದು ತುಂಡು ಕೊಟ್ಟೆ. ಹಿಂದ ಒಬ್ಬಾಕಿ ನೋಡಿದ್ಲು. ಆಕಿಗೂ ಕೊಟ್ಟೆ. ಕಂಡಕ್ಟರ್ ಟಿಕೆಟ್ ಕೊಟ್ಟು ಹೋಗೋದು ಬಿಟ್ಟು ನಿಂತ. ಮುಂಡರಗಿ ಬಂದಾಗ ಒಂದ ತುಂಡು ಉಳಿದಿತ್ತರಿ. ಅದನ್ನ ಸೊಸಿಗೆ ಕೊಟ್ರ, 'ಮಾವಾರ, ಇದು ಇಷ್ಟ ಇರತೈತೇನ್ರಿ?' ಅಂದ್ಲು. ನನಗ ಅಳು ಬಂತು."

ನಿಜವಾಗಿಯೂ ಅವರ ಕಣ್ಣು ಒದ್ದೆಯಾಗಿದ್ದವು. ನಾನು ದೊಡ್ಡದೊಂದನ್ನು ಭಟ್ಟಿಗೆ ಹಾಕಲು ಹೊರಟೆ. ಅವರು ತಡೆದರು.

"ಎರಡ ಹಾಕ್ರಿ. ಒಂದು ಸೊಸಿಗೆ, ಒಂದು ಬಸ್ಸಿಗೆ."

ಮಳೆಗೆ ನಿಂತ ಮಗ

ಒಂದು ಗುರುವಾರ ನಾಲ್ಕೂವರೆಗೆ ಜೋರು ಮಳೆ ಬಂತು. ತೋಯಿಸಿಕೊಂಡು ಓಡಿಬಂದು ನಮ್ಮ ಬಾಗಿಲಿಗೆ ನಿಂತವರು ಯಾರೆಂದು ನೋಡಿದರೆ, ಅಜ್ಜಿಯ ಮಗ, ಅರಿವೆ ಅಂಗಡಿಯವರು. ಅವರು ಮುಖ ಒರೆಸಿಕೊಳ್ಳುವಷ್ಟರಲ್ಲಿ, ಕೆಮ್ಮಿನಿಂದಲೇ ಮಗನ ಗುರುತು ಹಿಡಿದ ಅಜ್ಜಿ ತಟ್ಟೆ ಸಮೇತ ಎದ್ದು ಹಿಟ್ಟಿನ ಕೋಣೆ ಸೇರಿದರು. ಆ ವಯಸ್ಸಿನವರು ಅಷ್ಟು ಚುರುಕಾಗಿ ನಡೆದದ್ದನ್ನು ನಾನು ಬೇರೆಲ್ಲೂ ಕಂಡಿಲ್ಲ.

ಆದರೆ ಚಪ್ಪಲಿ ಬಾಗಿಲಲ್ಲೇ ಇದ್ದವು. ಮಗನ ಕಣ್ಣು ಕೆಳಗೆ ಹೋಗುವಷ್ಟರಲ್ಲಿ ನಾನು ಹಾರಿ ಅವುಗಳಲ್ಲಿ ಕಾಲು ತೂರಿಸಿದೆ. ಅರ್ಧ ಪಾದ ಹೊರಗೇ ಉಳಿಯಿತು.

"ನಿಮ್ಮವೇನ್ರಿ?" ಎಂದರು.

"ಹೌದ್ರಿ. ಭಾಳ ಮೆತ್ತಗ ಅದಾವು."

ಅವರು ಮರುಕದಿಂದ ನೋಡಿ, ಮಳೆ ನಿಲ್ಲುವವರೆಗೂ ಉಪದೇಶ ಮಾಡಿದರು. "ತಪ್ಪು ತಿಳಕೋಬ್ಯಾಡ್ರಿ. ಮಂದಿ ಇಂಥಾದ್ದು ತಿಂದ ಕೆಡತಾರ. ನಮ್ಮವ್ವನ್ನ ನೋಡ್ರಿ, ಈ ವಯಸ್ಸಿನ್ಯಾಗ ಒಂದು ಗುಳಿಗಿ ಇಲ್ಲ. ಯಾಕ? ಹುಟ್ಟಿದಾಗಿಂದ ಹೊರಗಿನ ತುತ್ತು ಮುಟ್ಟಿಲ್ಲ. ದೇವರಂಥಾಕಿ ನಮ್ಮವ್ವ." ಹೇಳುತ್ತ ಹೇಳುತ್ತ ಮನೆಯ ದಿಕ್ಕಿಗೆ ತಿರುಗಿ ಕೈ ಮುಗಿದರು. ತಾಯಿ ಕದ್ದು ತಿನ್ನಬೇಕಾಯಿತಲ್ಲ ಎಂದು ಆ ಮನುಷ್ಯನ ಮೇಲೆ ನನಗಿದ್ದ ಸಿಟ್ಟೆಲ್ಲ ಇಳಿದುಹೋಯಿತು.

ಮಳೆ ನಿಂತು ಅವರು ಹೋದ ಮೇಲೆ ಅಜ್ಜಿ ಮೈಯೆಲ್ಲ ಮೈದಾ ಮಾಡಿಕೊಂಡು ಹೊರಗೆ ಬಂದರು. ಕಣ್ಣಲ್ಲಿ ನೀರಿತ್ತು. "ಕೇಳಿದೇನೋ ತಮ್ಮಾ? ಊರ ತುಂಬ ಹಿಂಗ ಹೇಳ್ಕೋತ ತಿರಗತಾನ. ನಾ ಅಂವಗ ಅಂಜಂಗಿಲ್ಲ. ಅಂವನ ಮಾತು ಸುಳ್ಳಾಗಬಾರದು, ಅಷ್ಟ."

ಸೆರಗಿನಿಂದ ಕಣ್ಣು ಒರೆಸಿಕೊಂಡು ಖಾಲಿ ತಟ್ಟೆ ಮುಂದೆ ಹಿಡಿದರು. "ಚಲೋ ಮಾತಾಡತಾನ, ಸ್ವಲ್ಪ ಉದ್ದ ಆತು. ಇನ್ನೊಂದು ತುಂಡ ಐತೇನು?"

ಕಾಗೆ

ಚಳಿಗಾಲದ ಒಂದು ಗುರುವಾರ ಅಜ್ಜಿ ಬರಲಿಲ್ಲ. ಮೂಲೆಯ ಮೇಜಿಗೆ ಯಾರನ್ನೂ ಕೂರಿಸದೆ ಐದು ಗಂಟೆಯವರೆಗೂ ಕಾದೆ. ಆಮೇಲೆ ಖಬರು ಬಂತು. ಮಧ್ಯಾಹ್ನ ಉಂಡು ಮಲಗಿದವರು ಏಳಲಿಲ್ಲವಂತೆ. ಆವತ್ತೂ ಎಲ್ಲರಿಗೂ ಬಡಿಸಿ ಕೊನೆಗೇ ಉಂಡಿದ್ದರಂತೆ.

ಮೂರನೆಯ ದಿನ ನಾನೂ ಹೋದೆ. ಮನೆಯ ಮಾಳಿಗೆಯ ಮೇಲೆ ಎಡೆ ಇಟ್ಟಿದ್ದರು. ಹೋದವರಿಗೆ ಇಷ್ಟವಾದದ್ದನ್ನೆಲ್ಲ ಬಡಿಸಿ ಕಾಗೆ ಮುಟ್ಟಲೆಂದು ಕಾಯುವುದು ಪದ್ಧತಿ. ಮುಟ್ಟದಿದ್ದರೆ ಅವರಿಗೆ ಏನೋ ಆಸೆ ಉಳಿದಿದೆ ಎಂದು ಲೆಕ್ಕ. ಬಾಳೆ ಎಲೆಯ ಮೇಲೆ ಹೋಳಿಗೆ, ಕಡುಬು, ಮಾದಲಿ, ಎಣ್ಣೆಗಾಯಿ. ಕಾಗೆಯೇನೋ ಬಂದಿತ್ತು. ನೀರಿನ ಟಾಕಿಯ ಮೇಲೆ ಕೂತು ಬೇರೆ ಕಡೆ ನೋಡುತ್ತಿತ್ತು.

ಬಿಸಿಲು ಏರಿತು. ಮಗ ಬರಿಮೈಯಲ್ಲಿ ಕೈ ಮುಗಿದು ನಿಂತಿದ್ದರು. "ಅವ್ವಾ, ತಂಗೀನ್ನ ಹಬ್ಬ ಹಬ್ಬಕ್ಕ ಕರಸ್ತೇನಿ" ಎಂದರು. ಕಾಗೆ ಅಲುಗಲಿಲ್ಲ. "ತಮ್ಮನ ಜೋಡಿ ಮಾತು ಬಿಟ್ಟಿದ್ದೆ, ಇವತ್ತಿಂದ ಮಾತಾಡ್ತೇನಿ" ಎಂದರು. ಕಾಗೆ ಬೆನ್ನು ತಿರುಗಿಸಿತು. ಹಿಂದೆ ನಿಂತಿದ್ದ ತಮ್ಮ, "ಅಣ್ಣಾ, ಕಾಗಿ ಒಪ್ಪಲಿ ಬಿಡಲಿ, ಈ ಮಾತು ಹಿಂದಕ್ಕ ತೊಗೊಳ್ಳಾಕ ಬರಂಗಿಲ್ಲ" ಎಂದ. ಅಳುತ್ತಿದ್ದವರೂ ನಗು ಬಂದು ಮುಖ ಮರೆಸಿಕೊಂಡರು.

ಕೊನೆಗೆ ಮಗ ಕುಸಿದು ಕೂತರು. "ನಮ್ಮವ್ವಗ ಏನ ಬೇಕಾಗಿತ್ತಂತ ನನಗ ಗೊತ್ತಿಲ್ಲರಿ. ಇಷ್ಟು ವರ್ಷ ಜೋಡಿ ಇದ್ದು ಗೊತ್ತಿಲ್ಲ" ಎಂದು ಚಿಕ್ಕ ಮಕ್ಕಳ ಹಾಗೆ ಅತ್ತರು.

ನನಗೆ ಗೊತ್ತಿತ್ತು. ಆಣೆ ಮಾಡಿದ ಕೈ ಮತ್ತೆ ಉರಿದಂತಾಯಿತು. ಹೇಳಿದರೆ ಅಜ್ಜಿಗೆ ಕೊಟ್ಟ ಮಾತು ಹೋಗುತ್ತದೆ, ಹೇಳದಿದ್ದರೆ ಈ ಮಗ ಸಾಯುವವರೆಗೂ ಕೊರಗುತ್ತಾನೆ. ಹೇಳಬಾರದೆಂದು ತಾನೆ ಆಣೆ. ತರಬಾರದೆಂದು ಅಲ್ಲವಲ್ಲ ಎಂದುಕೊಂಡು ಅಂಗಡಿಗೆ ಓಡಿದೆ. ಅವಸರದಲ್ಲಿ ರೂಢಿಯಂತೆಯೇ ಸಣ್ಣದೊಂದನ್ನು ಬೇಯಿಸಿ, ಸ್ಟೀಲಿನ ತಟ್ಟೆಯಲ್ಲಿಟ್ಟು, ಮೇಲೆ ಬಟ್ಟೆ ಮುಚ್ಚಿ ತಂದೆ.

"ಏನರಿ ಇದು?" ಎಂದರು ಮಗ.

"ನಮ್ಮ ಭಟ್ಟಿ ರೊಟ್ಟಿರಿ. ಬಿಸಿ ಐತಿ."

"ಹೊರಗಿಂದು ಎಡಿಗೆ ಇಡತಾರೇನು?" ಎಂದು ಮನೆಯ ಹಿರಿಯರೊಬ್ಬರು ಗದರಿಸಿದರು. ಮಗ ನನ್ನ ಮುಖ ನೋಡಿದರು, ತಟ್ಟೆಯಿಂದ ಏಳುತ್ತಿದ್ದ ಹಬೆ ನೋಡಿದರು. "ಇಡ್ರಿ" ಎಂದರು.

ಬಟ್ಟೆ ತೆಗೆದು ಎಲೆಯ ಮೇಲೆ ಇಟ್ಟು ನಾಲ್ಕು ಹೆಜ್ಜೆ ಹಿಂದೆ ಸರಿದೆ. ಕಾಗೆ ಇಳಿದು ಬಂತು. ಹೋಳಿಗೆಯ ಕಡೆ ನೋಡಲೇ ಇಲ್ಲ. ಪಿಜ್ಜಾದ ಮೇಲಿನ ದೊಣ್ಣಮೆಣಸಿನಕಾಯಿ ಚೂರನ್ನು ಕೊಕ್ಕಿನಿಂದ ಎತ್ತಿ ಪಕ್ಕಕ್ಕೆ ಒಗೆಯಿತು. ಇನ್ನೊಂದನ್ನೂ ಒಗೆಯಿತು. ಆಮೇಲೆ ತುಂಡನ್ನು ಕಚ್ಚಿಕೊಂಡು ಹಾರಿತು.

ಮಗ ಎಲೆಯ ಅಂಚಿನಲ್ಲಿ ಬಿದ್ದ ಹಸಿರು ಚೂರುಗಳನ್ನೇ ನೋಡುತ್ತಿದ್ದರು. "ನಮ್ಮವ್ವ ಪಲ್ಯಾದಾಗಿಂದೂ ಹಿಂಗ ಆರಿಸಿ ಇಡತಿದ್ಲು" ಎಂದರು. ಹತ್ತಿರ ಬಂದು ನನಗೊಬ್ಬನಿಗೇ ಕೇಳುವಂತೆ ಅಂದರು: "ಗುರುವಾರ ಗುಡಿಯಿಂದ ಬಂದಾಗ ಅವ್ವನ ಸೆರಗಿಗೆ ಬೇಕರಿ ವಾಸನಿ ಇರತಿತ್ತರಿ."

ನಾನು ಬಾಯಿ ಬಿಡಲಿಲ್ಲ. ಅಳು ಮಾತ್ರ ತಡೆಯಲಾಗಲಿಲ್ಲ.

ಸೂತಕ ಕಳೆದ ಮೇಲಿನ ಮೊದಲ ಗುರುವಾರ ನಾಲ್ಕು ಗಂಟೆಗೆ ಬಾಗಿಲಲ್ಲಿ ಯಾರೋ ಚಪ್ಪಲಿ ಬಿಟ್ಟ ಸದ್ದಾಯಿತು. ಅಜ್ಜಿಯ ಮಗ. ರಸ್ತೆಯ ಎರಡೂ ಕಡೆ ನೋಡಿ, ಮೂಲೆಯ ಮೇಜಿಗೆ ಹೋಗಿ ಗೋಡೆಗೆ ಮುಖ ಮಾಡಿ ಕೂತರು.

"ಸಣ್ಣದು ಕೊಡ್ರಿ, ಬಿಸೀದು" ಎಂದರು. "ಮನ್ಯಾಗ ಗುಡಿಗೆ ಹೊಕ್ಕೇನಂತ ಹೇಳಿ ಬಂದೇನಿ. ಯಾರಿಗೂ ಗೊತ್ತಾಗಬಾರದು. ಆಣಿ ಮಾಡ್ರಿ."

ಯಾವುದರ ಮೇಲೆ ಎಂದು ನಾನು ಕೇಳಲಿಲ್ಲ. ಭಟ್ಟಿಯ ಕಡೆ ನಡೆದೆ. ಈ ಸಲ ಮಾತ್ರ ಕೈಗೆ ದಪ್ಪನೆಯ ಬಟ್ಟೆ ಸುತ್ತಿಕೊಂಡೆ.