ಕೋಲಾಟ ನೋಡಲು ಹೋದ ಗಣಿತದ ಮೇಷ್ಟ್ರು

ಗೋಪೀನಾಥ ಮೇಷ್ಟ್ರು ಆ ದಿನ ಮಾಡಿದ ತಪ್ಪು ಒಂದೇ. ಚಂದ್ರಾ ಲೇಔಟಿನ ಸಮುದಾಯ ಭವನದ ಬಾಗಿಲಲ್ಲಿ ಹೆಡ್ ಮೇಡಂ ಸತ್ಯವತಿ ಎದುರಾದಾಗ, "ಇವತ್ತು ನಂಗೇನೂ ಕೆಲಸ ಇಲ್ಲ ಮೇಡಂ, ಆರಾಮಾಗಿ ಕೂತು ನೋಡ್ತೀನಿ" ಎಂದುಬಿಟ್ಟರು. ಕೆಲಸವಿಲ್ಲದ ಮೇಷ್ಟ್ರನ್ನು ಕಂಡು ಮೇಡಂ ಮುಖ ಅರಳಿತು.

ಸುತ್ತಲಿನ ಸರ್ಕಾರಿ ಶಾಲೆಗಳೆಲ್ಲ ಸೇರಿ, ವರ್ಷವಿಡೀ ಗೆದ್ದ ಮಕ್ಕಳನ್ನು ಮೆರೆಸುವ ದಿನ ಅದು. ಓಟದವರು, ಚೆಸ್ಸಿನವರು, ಪ್ರಬಂಧದವರು, ಎಲ್ಲರಿಗೂ ಸನ್ಮಾನ. ಕೊನೆಗೆ ಪ್ರತಿಭಾ ಕಾರಂಜಿಯಲ್ಲಿ ಮೊದಲ ಬಹುಮಾನ ಪಡೆದ ಕೋಲಾಟ. ಕಲಿಸಿದವರು ನಮ್ಮ ಮೇಷ್ಟ್ರೇ. ಕುಣಿತದ ಗಂಧಗಾಳಿಯಿಲ್ಲದ ಗಣಿತದವರು, ಮಗ್ಗಿ ಹೇಳಿಸುತ್ತಲೇ ಹೆಜ್ಜೆ ಹಾಕಿಸಿದ್ದರು. ಆದರೆ ಅಭ್ಯಾಸದುದ್ದಕ್ಕೂ ವೃತ್ತದ ನಡುವೆ ನಿಂತು ಚಪ್ಪಾಳೆ ತಟ್ಟಿದವರಿಗೆ ಎದುರಿನ ಹುಡುಗಿಯರಷ್ಟೇ ಕಾಣುತ್ತಿದ್ದರು. ಬಹುಮಾನ ಬಂದ ದಿನ ಜ್ವರ ಹಿಡಿದು ಮನೆಯಲ್ಲಿ ಮಲಗಿದ್ದರು. ಇಡೀ ಕೋಲಾಟವನ್ನು ಹೊರಗಿನಿಂದ ಒಮ್ಮೆ ನೋಡಬೇಕು, ಅವರಿಗೆ ಅದೊಂದೇ ಆಸೆ. ಕನಸಿನಲ್ಲಂತೂ ಅದು ಮಲ್ಲತ್ತಹಳ್ಳಿ ಕೆರೆಯ ಮೇಲೆ ಬಣ್ಣದ ಚಕ್ರವಾಗಿ ಸದ್ದಿಲ್ಲದೆ ತಿರುಗುತ್ತಿತ್ತು.

"ಹಾಗಾದ್ರೆ ವಿಜಯನಗರಕ್ಕೆ ಹೋಗಿ ಹಾರ ತಂದ್ಬಿಡಿ ಸಾರ್" ಎಂದರು ಮೇಡಂ.

ಹೂವಿನಂಗಡಿಯ ಮುಂದೆ ಹಳದಿ, ಕೆಂಪು, ಬಿಳಿ ರಾಶಿಗಳನ್ನು ಕಂಡದ್ದೇ ಮೇಷ್ಟ್ರ ಕಣ್ಣ ಮುಂದೆ ಕೋಲಾಟದ ಹುಡುಗಿಯರ ಲಂಗಗಳು ಸುತ್ತತೊಡಗಿದವು.

"ಎಂಥ ಹಾರ ಕೊಡ್ಲಿ ಸಾರ್?" ಹೂವಿನಾಕೆ ಕೇಳಿದಳು.

"ರೌಂಡಾಗಿರ್ಲಿ."

"ಹಾರ ರೌಂಡಾಗೇ ಇರುತ್ತೆ ಸಾರ್" ಎಂದು ಅವಳು ಅವರನ್ನೇ ದಿಟ್ಟಿಸಿದಳು.

ಹಾರ ಕಟ್ಟಿಸಿಕೊಳ್ಳುವಷ್ಟರಲ್ಲಿ ಮೇಡಂ ಫೋನು. ಮುಖ್ಯ ಅತಿಥಿ ಕೆಂಚಪ್ಪನವರ ಕಾರು ಪಂಕ್ಚರ್, ಸ್ಕೂಟರಿನಲ್ಲಿ ಕರೆತರಬೇಕು. ಕೆಂಚಪ್ಪ ಈ ಕಡೆಯ ಹಳೇ ಜಮೀನಿನವರು. ತಿರುವಿಗೊಂದು ಸಲ ಬೆನ್ನು ತಟ್ಟಿ, "ನಿಲ್ಸಿ ಮೇಷ್ಟ್ರೇ! ಇಲ್ಲೇ ನಮ್ಮಪ್ಪ ರಾಗಿ ಹಾಕ್ತಿದ್ದಿದ್ದು" ಎಂದು ಮೊಬೈಲ್ ಅಂಗಡಿ ತೋರಿಸುವರು. ರಾಗಿ ಹೊಲ ಮುಗಿದರೆ ಅವರೆ ಹೊಲ. ಕೇಳುತ್ತ ಕೇಳುತ್ತ ಮೇಷ್ಟ್ರ ಕಣ್ಣಿಗೆ ಟಾರು ರಸ್ತೆಯೆಲ್ಲ ಪೈರಾಗಿ ತೂಗಿತು, ನಡುವೆ ಹುಡುಗಿಯರು ಕುಣಿದರು. ಸಿಗ್ನಲ್ ಹಸಿರಾಗಿ ಮತ್ತೆ ಕೆಂಪಾಯಿತು. ಹಿಂದಿನವರೆಲ್ಲ ಹಾರ್ನ್ ಹೊಡೆದು ಬೈದರು.

ಭವನ ತಲುಪಿದರೆ ಮೈಕು ಕೆಮ್ಮುತ್ತಿತ್ತು. "ಸಾರ್, ಈ ವೈರ್ ಸ್ವಲ್ಪ ಒತ್ತಿ ಹಿಡ್ಕೊಳ್ಳಿ, ಬಿಟ್ರೆ ಮೈಕ್ ಸತ್ತೋಗುತ್ತೆ" ಎಂದು ಮೈಕಿನವನು ಟೀ ಕುಡಿಯಲು ಹೋದ. ಮೇಷ್ಟ್ರು ಪರದೆಯ ಹಿಂದೆ ಕುಕ್ಕರಗಾಲಲ್ಲಿ ಕೂತು, ಓಟದವರ, ಚೆಸ್ಸಿನವರ ಚಪ್ಪಾಳೆಯನ್ನಷ್ಟೇ ಕೇಳಿದರು. "ಈಗ ಕೋಲಾಟ" ಎಂದದ್ದು ಕೇಳಿದ್ದೇ ತಡ, ವೈರನ್ನು ಕರ್ಚೀಫಿನಿಂದ ಬಿಗಿದು ಓಡಿದರು. ಮುಂದಿನ ಸಾಲಿನಲ್ಲಿ ಖಾಲಿ ಕುರ್ಚಿ! ಕೂತರು. ಬದುಕು ಸಾರ್ಥಕವೆನಿಸಿತು.

ಹುಡುಗಿಯರು ವೇದಿಕೆಗೆ ಬಂದರು. ಗುಂಪಿನ ನಾಯಕಿ ಚೈತ್ರ ಮೈಕು ಹಿಡಿದಳು.

"ನಮ್ ಸಾರ್ ಮಧ್ಯ ನಿಂತೇ ನಮ್ಗೆ ಹೆಜ್ಜೆ ಕಲ್ಸಿದ್ದು. ಬಹುಮಾನ ಬಂದ ದಿನ ಅವ್ರಿರ್ಲಿಲ್ಲ, ಇವತ್ತು ಮಧ್ಯ ನಿಲ್ಲಲೇಬೇಕು. ಬಹುಮಾನ ಅವರ್ದೇ. ಸಾರ್, ಬನ್ನಿ ಸಾರ್!"

"ಬೇಡಮ್ಮಾ, ನಾನಿಲ್ಲೇ..." ಎನ್ನುವಷ್ಟರಲ್ಲಿ ಅಕ್ಕಪಕ್ಕದವರು ಎತ್ತಿ ವೇದಿಕೆಗೆ ತಳ್ಳಿದರು. ಮೇಡಂ ಒಂದು ಕೈಗೆ ಹಣ್ಣಿನ ಬುಟ್ಟಿ, ಇನ್ನೊಂದಕ್ಕೆ ಸ್ಮರಣಿಕೆ ಕೊಟ್ಟರು. ಕೆಂಚಪ್ಪನವರಿಗೆ ಕಣ್ಣು ತುಂಬಿ ಬಂತು. "ಇದು ನಿಮಗೇ ಸೇರ್ಬೇಕು ಮೇಷ್ಟ್ರೇ" ಎಂದು ತಮಗೆ ತೊಡಿಸಿದ್ದ ಮೈಸೂರು ಪೇಟವನ್ನೇ ತೆಗೆದು ಅವರ ತಲೆಗಿಟ್ಟರು. ಕೆಂಚಪ್ಪನವರದು ಭಾರೀ ತಲೆ. ಪೇಟ ಮೇಷ್ಟ್ರ ಹಣೆ ದಾಟಿ, ಕಣ್ಣು ದಾಟಿ, ಮೂಗಿನ ಮೇಲೆ ಬಂದು ನಿಂತಿತು.

ಎರಡೂ ಕೈ ತುಂಬಿದ್ದವು. ತಲೆ ಎತ್ತಿದರೆ "ಅಲ್ಲಾಡ್ಬೇಡಿ ಸಾರ್!" ಎಂದು ಕೆಳಗಿನಿಂದ ಕೂಗು. ಸುತ್ತ ಕೋಲುಗಳು ಚಟಚಟ ಎಂದವು, ಲಂಗಗಳ ಗಾಳಿ ಕೆನ್ನೆಗೆ ಬೀಸಿತು. ಜನ ಎದ್ದು ನಿಂತು ಕುಣಿದರು. ಮೇಷ್ಟ್ರು ಕತ್ತಲಲ್ಲಿ ನಿಂತು ಮನಸ್ಸಿನಲ್ಲೇ ಮಗ್ಗಿ ಎಣಿಸಿದರು.

ಪೇಟ ಕಳಚುವ ಹೊತ್ತಿಗೆ ಹುಡುಗಿಯರು ಪಲಾವಿನ ಸಾಲಿನಲ್ಲಿದ್ದರು. ಕೆಳಗೆ ಪಿ.ಟಿ. ಮೇಷ್ಟ್ರು ಅರುಣ್ ಕುಮಾರ್ ಮೊಬೈಲ್ ಹಿಡಿದು ನಗುತ್ತ ನಿಂತಿದ್ದರು.

"ಪೂರ್ತಿ ವಿಡಿಯೋ ಮಾಡಿದೀನಿ ಸಾರ್!"

ಗೋಪೀನಾಥ ಮೇಷ್ಟ್ರಿಗೆ ಹೋದ ಜೀವ ಬಂದಂತಾಯಿತು. ಗೋಡೆಗೊರಗಿ ಕೂತು, ಜೇಬಿನ ಕನ್ನಡಕ ಒರೆಸಿ ಹಾಕಿಕೊಂಡು, ವಿಡಿಯೋ ಒತ್ತಿದರು. ಮೊದಲಿನಿಂದ ಕೊನೆಯವರೆಗೂ ಪರದೆಯ ತುಂಬ ಒಂದು ಪೇಟ, ಅದರ ಕೆಳಗೊಂದು ಮೂಗು.

"ಹೆಂಗಿದೆ ಸಾರ್?" ಅರುಣ್ ಕುಮಾರ್ ಹೆಮ್ಮೆಯಿಂದ ಬಗ್ಗಿದರು. "ಆ ಹುಡುಗೀರು ಅಡ್ಡ ಬರ್ತಾನೇ ಇದ್ರು. ಆದ್ರೂ ಒಬ್ಳೂ ವಿಡಿಯೋದಲ್ಲಿ ಬೀಳದ ಹಾಗೆ ನಿಮ್ಮ ಮೇಲೇ ಜೂಮ್ ಇಟ್ಟಿದೀನಿ!"