ಎಂಟು ವರ್ಷಕ್ಕೆ ಮಂಡಿನೋವು: ವಯೋಮಿತಿ ಸಡಿಲಿಸುವ ಕುರಿತು

ಸಂಖ್ಯೆ: ಮಂಡಿ/ಎಡ-ಬಲ/ವ.ಸ./2025-26
ಕಾರ್ಯಸ್ಥಾನ: ಶ್ರೀಮತಿ ಬೈರಮ್ಮನವರ ಮನೆಯ ಜಗಲಿ, ಸಮೇತನಹಳ್ಳಿ, ಹೊಸಕೋಟೆ ತಾಲ್ಲೂಕು

ಸುತ್ತೋಲೆ

ವಿಷಯ: ಎಂಟು ವರ್ಷದ ಕುಮಾರಿ ಯಶಸ್ವಿನಿಗೆ ಮಂಡಿನೋವು ಹೊಂದಲು ವಯೋಮಿತಿಯಲ್ಲಿ ಸಡಿಲಿಕೆ ನೀಡುವ ಬಗ್ಗೆ.

ಉಲ್ಲೇಖ: (1) ಮಕ್ಕಳ ಕೀಲುರೋಗ ತಜ್ಞರ ಅಭಿಪ್ರಾಯ.
(2) ನೆರೆಮನೆಯ ಶ್ರೀ ಲಕ್ಷ್ಮಯ್ಯನವರು ಕಾಂಪೌಂಡ್ ಮೇಲಿಂದ ಸಲ್ಲಿಸಿದ ಮೌಖಿಕ ದೂರು.

ಪ್ರಸ್ತಾವನೆ:

ಮಂಡಿನೋವು ಅರವತ್ತು ದಾಟಿದವರಿಗೆ ಮಾತ್ರ ಮೀಸಲು ಎಂಬ ನಿಯಮವು ಈ ಬೀದಿಯಲ್ಲಿ ಬಹುಕಾಲದಿಂದ ಜಾರಿಯಲ್ಲಿರುತ್ತದೆ. ಸದರಿ ಯಶಸ್ವಿನಿಗೆ ಮಕ್ಕಳ ಸಂಧಿವಾತವಿದ್ದು, ಬೆಳಿಗ್ಗೆ ಏಳುವಾಗ ಕೀಲುಗಳು ಬಿಗಿದುಕೊಂಡು ಹೊತ್ತೇರಿದಂತೆ ಸಡಿಲವಾಗುತ್ತವೆಂದು ಉಲ್ಲೇಖ (1)ರಲ್ಲಿ ತಿಳಿಸಲಾಗಿದೆ. ಮಗುವನ್ನು ಆಡಲು ಬಿಡಬೇಕೆಂದೂ ಸೂಚಿಸಲಾಗಿದೆ. ಆದಾಗ್ಯೂ ಶ್ರೀ ಲಕ್ಷ್ಮಯ್ಯನವರು ಮಗುವಿನ ಅಜ್ಜಿ ಬೈರಮ್ಮನವರಿಗೆ ಈ ಕೆಳಕಂಡಂತೆ ವರದಿ ಮಾಡಿರುತ್ತಾರೆ:

"ಬೆಳಿಗ್ಗೆ ನೋಡುದ್ರೆ ಕುಂಟ್ತಾಳೆ, ಸಾಯಂಕಾಲ ನೋಡುದ್ರೆ ಕುಂಟೆಬಿಲ್ಲೆ ಆಡ್ತಾಳೆ. ಇಸ್ಕೂಲ್ ತಪ್ಪಿಸ್ಕೊಳಾಕೆ ನಾಟ್ಕ ಕಣ್ ಬೈರಕ್ಕ ಇದು."

ಬೈರಮ್ಮನವರು ಸದರಿ ವರದಿಯನ್ನು ಯಥಾವತ್ತಾಗಿ ಅಂಗೀಕರಿಸಿ, ಮಾರನೆಯ ಬೆಳಿಗ್ಗೆ ಏಳಲು ತಡಮಾಡಿದ ಮೊಮ್ಮಗಳಿಗೆ, "ನಿನ್ ನಾಟ್ಕ ನಂಗೂ ಗೊತ್ತಾಯ್ತು, ಏಳು" ಎಂದಿರುತ್ತಾರೆ. ಅಂದಿನಿಂದ ಯಶಸ್ವಿನಿಯ ಕಡೆಯಿಂದ ನೋವಿನ ಬಗ್ಗೆ ಯಾವುದೇ ಮನವಿ ಸ್ವೀಕೃತವಾಗಿರುವುದಿಲ್ಲ. ಪೆನ್ಸಿಲ್ ಹಿಡಿಯಲಾಗದೆ ತರಗತಿಯಲ್ಲಿ ಸುಮ್ಮನೆ ಕುಳಿತಿದ್ದುದನ್ನೂ ಮಗು ಮನೆಯಲ್ಲಿ ತಿಳಿಸಿರುವುದಿಲ್ಲ. ತಾಯಿ ಶಾಮಲಾರವರಿಗೆ ಅದು ಟೀಚರ್ ಮೂಲಕ ತಿಳಿದುಬಂದಿರುತ್ತದೆ. ಆದುದರಿಂದ ಬೀದಿಯ ಸಮಸ್ತ ನಿವಾಸಿಗಳಿಗೆ ಈ ಕೆಳಗಿನಂತೆ ಆದೇಶಿಸಲಾಗಿದೆ:

1. ಯಶಸ್ವಿನಿಗೆ ವಯೋಮಿತಿಯಲ್ಲಿ ಐವತ್ತೆರಡು ವರ್ಷಗಳ ಸಡಿಲಿಕೆಯನ್ನು ಮಂಜೂರು ಮಾಡಲಾಗಿದೆ. ಇದು ಎರಡೂ ಮಂಡಿ, ಮಣಿಕಟ್ಟು ಹಾಗೂ ಬೆರಳುಗಳಿಗೆ ಅನ್ವಯಿಸತಕ್ಕದ್ದು. ಸದರಿ ಸವಲತ್ತಿಗಾಗಿ ಮಗು ಅರ್ಜಿ ಹಾಕಿರಲಿಲ್ಲವೆಂಬುದನ್ನು ಇಲಾಖೆ ಗಮನಿಸಿದೆ.

2. "ಇಷ್ಟ್ ಸಣ್ ಮಗೀಗ್ ಮಂಡಿನೋವಾ?" ಎಂಬ ಪ್ರಶ್ನೆಯನ್ನು ತಾಯಿಗೆ ಕೇಳತಕ್ಕದ್ದಲ್ಲ. ನೇರವಾಗಿ ಮಂಡಿಯನ್ನೇ ಕೇಳಿ, ಉತ್ತರ ಬರುವವರೆಗೆ ಗೇಟಿನ ಹೊರಗೆ ಕಾಯತಕ್ಕದ್ದು.

3. ಎಣ್ಣೆ, ಸೊಪ್ಪು, ಭಸ್ಮ ಇತ್ಯಾದಿ ತರುವವರು ಮೊದಲು ತಮ್ಮ ಮಂಡಿಗೆ ಹಚ್ಚಿಕೊಂಡು, ಬೀದಿಯ ಮಕ್ಕಳ ಸಮಕ್ಷಮ ಕುಂಟೆಬಿಲ್ಲೆಯ ಒಂದು ಪೂರ್ಣ ಆಟವನ್ನು ಆಡಿ ತೋರಿಸತಕ್ಕದ್ದು. ಗೆರೆ ತುಳಿದವರ ಎಣ್ಣೆಯನ್ನು ಮುಟ್ಟುಗೋಲು ಹಾಕಿಕೊಂಡು ಕಿರುಗುಟ್ಟುವ ಗೇಟಿಗೆ ಬಿಡಲಾಗುವುದು. ಸೊಪ್ಪಾದಲ್ಲಿ ಮೇಕೆಗೆ.

4. ಮಲಗಿದ್ದ ತಮ್ಮ ಸೀಮೆಹಸುವನ್ನು ಬಾಲ ತಿರುಚಿ ಎಬ್ಬಿಸಿದ ಪ್ರಕರಣವನ್ನು ಶ್ರೀ ಲಕ್ಷ್ಮಯ್ಯನವರು ಪೂರ್ವನಿದರ್ಶನವಾಗಿ ಮಂಡಿಸಿರುತ್ತಾರೆ. ಪರಿಶೀಲಿಸಲಾಗಿ, ಮಗುವಿಗೆ ಬಾಲದ ಸೌಲಭ್ಯ ಒದಗಿಸಿರುವುದು ಕಂಡುಬಂದಿರುವುದಿಲ್ಲ. ಹಸುವಿನ ಅಭಿಪ್ರಾಯ ಕೋರಲಾಗಿದ್ದು, ನಿರೀಕ್ಷಿಸಲಾಗಿದೆ.

5. ಸಂಜೆ ಆಡಿದ್ದರಿಂದ ಬೆಳಿಗ್ಗೆ ನೋವಿರಲಿಲ್ಲವೆಂದು ವಾದಿಸುವವರು, ತಾವು ರಾತ್ರಿ ಉಂಡದ್ದರಿಂದ ಬೆಳಿಗ್ಗೆ ಹಸಿದಿರಲಿಲ್ಲವೆಂದು ಮುಚ್ಚಳಿಕೆ ಬರೆದುಕೊಟ್ಟು, ಅಂದಿನಿಂದ ತಿಂಡಿ ಬಿಡತಕ್ಕದ್ದು.

6. ಬೈರಮ್ಮನವರ ಮಂಡಿಗಳು ದೀರ್ಘಕಾಲ ನೋವಿನ ಸೇವೆ ಸಲ್ಲಿಸಿರುವುದರಿಂದ ಅವುಗಳ ಜ್ಯೇಷ್ಠತೆಗೆ ಯಾವುದೇ ಧಕ್ಕೆಯಿರುವುದಿಲ್ಲ. ಮೊಮ್ಮಗಳದು ನೇರ ನೇಮಕಾತಿ. ಆದರೆ ಜಗಲಿಯ ಎಳೆಬಿಸಿಲಿನ ಹಂಚಿಕೆಗೆ ಜ್ಯೇಷ್ಠತೆ ಅನ್ವಯಿಸುವುದಿಲ್ಲ. ಮೋಡ ಕವಿದಲ್ಲಿ ಬಿಸಿಲಿನ ಬದಲಿಗೆ ಬಿಸಿನೀರನ್ನು ಪ್ರಭಾರದಲ್ಲಿರಿಸತಕ್ಕದ್ದು.

7. ಮನವಿ ಬಾರದಿರುವುದನ್ನು ನೋವಿಲ್ಲವೆಂದು ಪರಿಗಣಿಸತಕ್ಕದ್ದಲ್ಲ.

ಅನುಪಾಲನಾ ವರದಿ:

ಈ ಸುತ್ತೋಲೆಯ ಕರಡು ಸಿದ್ಧವಾಗುತ್ತಿರುವಾಗಲೇ, ನಿನ್ನೆ ಬೆಳಿಗ್ಗೆ, ಬೈರಮ್ಮನವರು ಎಂದಿನಂತೆ ಗೋಡೆ ಹಿಡಿದು ಏಳುತ್ತಿದ್ದಾಗ, ಅದೇ ಗೋಡೆಯ ಇನ್ನೊಂದು ತುದಿಯನ್ನು ಹಿಡಿದು, ತುಟಿ ಬಿಗಿದು, ಸದ್ದಿಲ್ಲದೆ ಏಳುತ್ತಿದ್ದ ಮೊಮ್ಮಗಳು ಅವರ ಗಮನಕ್ಕೆ ಬಂದಿರುತ್ತಾಳೆ. ತಾವು ನೋವಿಗೆ ಅಯ್ಯೋ ಎನ್ನುವ ಜಾಗದಲ್ಲಿ ಮಗು ಏನನ್ನೂ ಅನ್ನದೆ ಇರುವುದನ್ನು ಅವರು ಕೆಲಹೊತ್ತು ನಿಂತು ನೋಡಿರುತ್ತಾರೆ. ತದನಂತರ ಯಾವುದೇ ಮೇಲಧಿಕಾರಿಯ ಅನುಮತಿ ಪಡೆಯದೆ ಈ ಕೆಳಕಂಡಂತೆ ಹೇಳಿರುತ್ತಾರೆ:

"ನಂದೇನ್ ಸುಳ್ ನೋವಾ? ನಿಂದೂ ಸುಳ್ಳಲ್ಲ. ಎಲ್ ನೋಯ್ತದೆ ಹೇಳವ್ವ."

ಯಶಸ್ವಿನಿಯು ಅಜ್ಜಿಯ ಸೆರಗು ಹಿಡಿದು ಜಗಲಿಯವರೆಗೆ ಬಂದಿರುತ್ತಾಳೆ.

(ಸಹಿ ಇದೆ)
ಅಧೀನ ಕಾರ್ಯದರ್ಶಿ, ಎಡಮಂಡಿ ಶಾಖೆ
(ಬಲಮಂಡಿ ಶಾಖೆಯ ಹೆಚ್ಚುವರಿ ಪ್ರಭಾರ)

ಪ್ರತಿಗಳು:

1. ಶ್ರೀ ಲಕ್ಷ್ಮಯ್ಯನವರಿಗೆ, ಕಾಂಪೌಂಡ್ ಮೇಲಿಂದ.
2. ಅವರ ಸೀಮೆಹಸುವಿಗೆ, ಜ್ಞಾಪನ ಪತ್ರವೆಂದು ಪರಿಗಣಿಸಲು. ಪ್ರತಿಯನ್ನು ಓದುವ ಮುನ್ನ ತಿನ್ನತಕ್ಕದ್ದಲ್ಲ.
3. ಶ್ರೀಮತಿ ಶಾಮಲಾರವರಿಗೆ, ಮಾಹಿತಿಗಾಗಿ. ಒಂದು ದಿನವಾದರೂ ಯಾರಿಗೂ ಏನನ್ನೂ ವಿವರಿಸದೆ ಇರುವುದಕ್ಕಾಗಿ.
4. ಸೂರ್ಯನಿಗೆ, ಕಲಂ 6ರ ಕಟ್ಟುನಿಟ್ಟಿನ ಪಾಲನೆಗಾಗಿ.
5. ಶ್ರೀಮತಿ ಬೈರಮ್ಮನವರಿಗೆ, ಅದೇ ಪ್ರಶ್ನೆಯನ್ನು ನಾಳೆಯೂ ಕೇಳುವ ಸಲುವಾಗಿ.
6. ಕುಮಾರಿ ಯಶಸ್ವಿನಿಗೆ. ಉತ್ತರಿಸಲು ಯಾವುದೇ ಕಾಲಮಿತಿ ನಿಗದಿಪಡಿಸಿರುವುದಿಲ್ಲ.