ಕೂಡ್ರಲಾರದ ಬೇನೆ

ತಲೆನೋವು ಬಂದವರಿಗೆ ಮನೆಯಲ್ಲಿ ಒಂದು ಮರ್ಯಾದೆ ಇರುತ್ತದೆ. ಬಾಗಿಲು ಮುಂದೆ ಮಾಡಿ, ಮಕ್ಕಳನ್ನು ಗದರಿಸಿ ಹೊರಗೆ ಕಳಿಸಿ, ಹಣೆಗೆ ಸುಂಠಿ ಅರೆದು ಹಚ್ಚುತ್ತಾರೆ. ಹಲ್ಲುನೋವಾದರೆ ಊದಿದ ಗಲ್ಲವನ್ನು ನೋಡಲು ಓಣಿಯ ಹೆಂಗಸರೆಲ್ಲ ಬಂದು ಹೋಗುತ್ತಾರೆ. ದೇವರು ನೋವು ಹಂಚುವಾಗ ಮೇಲಿನವನ್ನೆಲ್ಲ ಹೇಳಿಕೊಳ್ಳಲು ಬಿಟ್ಟು, ಕೆಳಗಿನ ಒಂದನ್ನು ಮಾತ್ರ ಬಾಯಿ ಕಟ್ಟಿ ಕಳಿಸಿದ್ದಾನೆ. ನನ್ನ ಪಾಲಿಗೆ ಬಂದದ್ದು ಅದು. ಪುಸ್ತಕದವರು ಮೂಲವ್ಯಾಧಿ ಅನ್ನುತ್ತಾರೆ. ನಾನು ಬಹಳ ದಿನ ಅದನ್ನು ಸೊಂಟನೋವು ಅಂದೆ.

ನನ್ನನ್ನು ಬಲ್ಲವರಿಗೆ ಇದು ನಂಬುವ ಮಾತಲ್ಲ. ನಾನು ಓದಿದ್ದು ಕಡಿಮೆ, ಆಡಿದ್ದು ಬಹಳ. ಬೀಗರ ಮನೆಯ ಹೋಳಿಗೆ ದಪ್ಪವಾಗಿದ್ದರೆ ಪಂಕ್ತಿಯಲ್ಲೇ ಹೇಳಿದವಳು. ಅಕ್ಕಲಕೋಟೆಯ ಕಚೇರಿಯಲ್ಲಿ ಕಾರಕೂನರಾಗಿದ್ದ ನಮ್ಮವರು, ಯಾರಾದರೂ ದೊಡ್ಡವರು ಮನೆಗೆ ಬರುವ ಸುದ್ದಿ ಬಂದರೆ ಮೊದಲು ನನ್ನನ್ನು ತವರಿಗೆ ಕಳಿಸುವ ವಿಚಾರ ಮಾಡುತ್ತಿದ್ದರು. ಅಂಥವಳ ಬಾಯಿ ಆ ಒಂದು ಜಾಗದ ಮಾತಿಗೆ ಬಂದಾಗ ಹೊಲಿದಂತಾಯಿತು.

ಈ ಬೇನೆ ಎಲ್ಲಿಂದ ಬಂತು ಅಂದರೆ, ನಮ್ಮ ನಡತೆಯಿಂದ ಬಂತು. ಆಗಿನ ಕಾಲಕ್ಕೆ ಮರ್ಯಾದಸ್ಥ ಹೆಂಗಸು ಬಯಲಿಗೆ ಹೋಗುವುದು ಬೆಳಕು ಹರಿಯುವ ಮೊದಲು. ಮಂಜಿನಲ್ಲಿ ಜಾಲಿಯ ಗಿಡಗಳು ಸೆರಗು ಹೊದ್ದು ನಿಂತ ಹೆಂಗಸರಂತೆ ಕಾಣುತ್ತಿದ್ದವು, ಹೆಂಗಸರು ಜಾಲಿಯ ಗಿಡಗಳಂತೆ. ಆ ಅರೆಗತ್ತಲಲ್ಲಿ ಕೈಯಲ್ಲಿ ತಂಬಿಗೆ ಹಿಡಿದು ನಡೆಯುವಾಗ ನನಗೆ ಇನ್ನೂ ನಿದ್ದೆಯಲ್ಲೇ ಇದ್ದೇನೆ, ಸೀನಾ ಹೊಳೆಯ ದಂಡೆಯ ತವರಿನಲ್ಲಿದ್ದೇನೆ ಅನ್ನಿಸುತ್ತಿತ್ತು. ಆ ಹೊತ್ತು ತಪ್ಪಿತೋ, ಮತ್ತೆ ಹೊತ್ತು ಮುಳುಗುವ ತನಕ ತಡೆದುಕೊಳ್ಳಬೇಕು. ತಡೆಯುವುದಕ್ಕೆ ಅನುಕೂಲವಾಗಲೆಂದು ನೀರು ಕುಡಿಯುತ್ತಿರಲಿಲ್ಲ. ಒಣ ರೊಟ್ಟಿ, ಕೆಂಪು ಖಾರ, ಮೇಲೆ ಎರಡು ಗುಟುಕು ನೀರು, ಮುಗಿಯಿತು. ಹಗಲಿನಲ್ಲಿ ಎದ್ದು ಹೋಗದವಳೇ ಗಟ್ಟಿ ಹೆಂಗಸು ಎಂಬ ಹೆಮ್ಮೆ ನಮಗೆ. ನಾನಂತೂ ಬಹಳ ಗಟ್ಟಿ ಹೆಂಗಸಾಗಿದ್ದೆ. ಗಟ್ಟಿಯಾದದ್ದು ನಾನೊಬ್ಬಳೇ ಅಲ್ಲ ಅನ್ನುವುದು ಆಮೇಲೆ ತಿಳಿಯಿತು.

ಮೊದಲು ತುರಿಕೆ. ಆಮೇಲೆ ಮೆಣಸಿನಕಾಯಿ ಇಟ್ಟ ಹಾಗೆ ಉರಿ. ಒಂದು ಬೆಳಗ್ಗೆ ಕೆಂಪಗೆ ನೆತ್ತರು. ನನ್ನ ಕಾಲ ಮುಗಿಯಿತು ಎಂದುಕೊಂಡೆ. ಮನೆಗೆ ಬಂದು ಸೊಂಟ ಹಿಡಿದಿದೆ ಅಂದೆ. ನಮ್ಮವರು ಬಿಸಿ ಇಟ್ಟಿಗೆಯ ಶಾಖ ಕೊಡಿಸಿದರು, ಸುಂಠಿ-ಮೆಣಸಿನ ಕಷಾಯ ಕುಡಿಸಿದರು. ಸೊಂಟ ಬಹಳ ಸುಖಪಟ್ಟಿತು. ಕಷಾಯ ಮಾತ್ರ ಹೋಗಬೇಕಾದ ಕಡೆ ಹೋಗಿ ಹೊತ್ತಿಕೊಂಡಿತು.

ಬೋರಲು ಮಲಗಿ ನಾನು ನನ್ನ ಸಾವನ್ನು ನೆನೆಯುತ್ತಿದ್ದೆ. ಸುಳ್ಳೇಕೆ, ಅದರಲ್ಲಿ ಒಂದು ಸುಖವಿತ್ತು. ಹಸಿರು ಪತ್ತಲ ಉಡಿಸುತ್ತಾರೆ, ಹಣೆತುಂಬ ಕುಂಕುಮ ಹಚ್ಚುತ್ತಾರೆ, ಮುತ್ತೈದೆಯಾಗಿ ಹೋದಳು ಎಂದು ಓಣಿಯವರು ಹೊಟ್ಟೆಕಿಚ್ಚು ಪಡುತ್ತಾರೆ. ಹೂವಿನ ವಾಸನೆ, ಭಜನೆಯ ತಾಳ, ನಾನು ಮೋಡದ ಮೇಲೆ ಹೋದಂತೆ ಹೋಗುತ್ತಿದ್ದೇನೆ... ಅಲ್ಲಿಗೆ ಬಂದಾಗ ಒಮ್ಮೆಲೇ ಎಚ್ಚರವಾಗುತ್ತಿತ್ತು. ನಮ್ಮ ಜಾತಿಯಲ್ಲಿ ಸತ್ತವರನ್ನು ಮಲಗಿಸಿ ಒಯ್ಯುವುದಿಲ್ಲ. ಕೂಡ್ರಿಸಿ ಒಯ್ಯುತ್ತಾರೆ, ಕೂಡ್ರಿಸಿಯೇ ಮಣ್ಣು ಕೊಡುತ್ತಾರೆ. ಸತ್ತರೂ ನನಗೆ ಕೂಡ್ರುವುದು ತಪ್ಪಲಿಲ್ಲವಲ್ಲ ಶಿವನೇ ಎಂದು ಬೋರಲಾಗಿಯೇ ಅತ್ತೆ.

ಸಾಯುವವಳು ಮಾಡಬೇಕಾದ ಕೆಲಸ ಒಂದಿತ್ತು. ಹಬ್ಬದ ದಿನ ಹನ್ನೂರಿನ ಗಂಡನ ಮನೆಯಿಂದ ಮಗಳನ್ನೂ ಕರೆಸಿ, ಎಲ್ಲರೂ ಪಡಸಾಲೆಯಲ್ಲಿ ಕೂತಾಗ, ನಾನು ನಿಂತೇ, ಸೊಂಟದ ಕೀಲಿಗೊಂಚಲು ಬಿಚ್ಚಿದೆ. ಕಾಳಿನ ಕೋಣೆ, ತುಪ್ಪದ ಕಪಾಟು, ಟ್ರಂಕು, ಎಲ್ಲದರ ಕೀಲಿ ಅದರಲ್ಲಿ. ಆ ಗೊಂಚಲು ಗಿಲ್ ಅಂದರೆ ಮನೆಯ ಬೆಕ್ಕೂ ಸರಿದು ಕೂಡ್ರುತ್ತಿತ್ತು. ಅದನ್ನು ಹಿರಿ ಸೊಸೆ ಗಂಗವ್ವನ ಸೊಂಟಕ್ಕೆ ಸಿಗಿಸಿ, “ನಂದು ಮುಗೀತು. ಇನ್ನ ಮನಿ ನಿಂದು,” ಅಂದೆ. ಮಗಳು ಗೊಳೋ ಎಂದು ಅತ್ತಳು. ನಮ್ಮವರು ಟೊಪ್ಪಿಗೆ ತೆಗೆದು ಕಣ್ಣು ಒರೆಸಿಕೊಂಡರು. ಗಂಗವ್ವ ಅಳಲಿಲ್ಲ. ನನ್ನನ್ನೇ ನೋಡುತ್ತಿದ್ದಳು.

ಮರುದಿನ ಅಡಿಗೆಮನೆಯಲ್ಲಿ ನಾನು ಗೋಡೆಗೆ ಒರಗಿ ನಿಂತು ರೊಟ್ಟಿ ತಿನ್ನುತ್ತಿದ್ದೆ.

“ಅತ್ತಿ, ಸೊಂಟ ನೋಯೂವ್ರು ಮಲಗತಾರ್ರಿ. ನೀವ್ಯಾಕ ನಿಂತು ಉಣ್ಣಾಕತ್ತೀರಿ?”

“ನನ್ನ ಸೊಂಟ, ನನ್ನ ಖುಷಿ.”

“ನೆತ್ತರ ಬೀಳತೈತೇನ್ರಿ?”

ಕೈಯ ರೊಟ್ಟಿ ಕೈಯಲ್ಲೇ ಉಳಿಯಿತು. “ನಿನಗ ಯಾರ ಹೇಳಿದ್ರು?”

“ಯಾರ ಹೇಳಬೇಕ್ರಿ? ನನಗೂ ಬಾಣಂತನದಾಗ ಆಗಿತ್ತು.”

“ಮತ್ತ ನನ್ನ ಮುಂದ ಯಾಕ ಹೇಳಲಿಲ್ಲ?”

“ಹೇಳಿದ್ನೆಲ್ರಿ, ಸೊಂಟ ನೋಯತೈತಿ ಅಂತ. ನೀವು ಎಣ್ಣಿ ತಿಕ್ಕಿದ್ರಿ.”

ನವಿ ಪೇಠದ ಅಂಗಡಿಗಳಿಂದ ಕುಪ್ಪಸದ ಖಣ ತರುತ್ತೇವೆಂದು ಗಂಡಸರಿಗೆ ಹೇಳಿ ಇಬ್ಬರೂ ಸೊಲ್ಲಾಪುರಕ್ಕೆ ಹೊರಟೆವು. ರೈಲಿನಲ್ಲಿ ನಾನು ಕಿಟಕಿ ಹಿಡಿದು ನಿಂತೇ ಇದ್ದೆ. ಜೋಳದ ಹೊಲಗಳು ಕಣ್ಣ ಮುಂದೆ ನಿಧಾನಕ್ಕೆ ತಿರುಗುತ್ತಿದ್ದವು. ಊರು ಹತ್ತಿರ ಬಂದಾಗ ಬಟ್ಟೆ ಗಿರಣಿಯ ಪಾಳಿ ಬದಲಿಸುವ ಭೋಂಗಾ ಎಲ್ಲೋ ಕನಸಿನಲ್ಲಿ ಎಮ್ಮೆ ಕೂಗಿದಂತೆ ಕೂಗಿತು. ಗಂಗವ್ವ ನನ್ನನ್ನು ನೇರ ಹೆಂಗಸರ ದವಾಖಾನೆಗೆ ಕರೆದೊಯ್ದಳು. ಅಲ್ಲಿಯ ಡಾಕ್ಟರ್ ಬಾಯಿ ಮರಾಠಿಯವರು, ನನಗಿಂತ ಸಣ್ಣವರು.

“ಕಾಯ್ ಝಾಲಂ, ಆಜೀ?” ಏನಾಯಿತು ಅಜ್ಜಿ ಎಂದು ಕೇಳಿದರು.

“ಸೊಂಟ...” ಎಂದು ಸುರು ಮಾಡಿದೆ. ಗಂಗವ್ವ ನನ್ನನ್ನು ಸರಿಸಿ, ತನ್ನ ಅರ್ಧಂಬರ್ಧ ಮರಾಠಿಯಲ್ಲಿ ಇದ್ದದ್ದು ಇದ್ದ ಹಾಗೆ ಹೇಳಿಬಿಟ್ಟಳು. ಡಾಕ್ಟರ್ ನಗಲಿಲ್ಲ. ಪರದೆ ಎಳೆದು ನೋಡಿದರು. ಆ ಹೊತ್ತಿನ ಸುದ್ದಿ ಬೇಡ. ನಾನು ಗೋಡೆಯ ಕಡೆ ಮುಖ ಮಾಡಿ, ಅಲ್ಲಿ ಸುಣ್ಣ ಸರಿಯಾಗಿ ಬಳಿದಿಲ್ಲ ಅನ್ನುವುದನ್ನು ನೋಡಿಕೊಂಡೆ.

ಸಾಯುವ ರೋಗವಲ್ಲವಂತೆ. ತಡೆದೂ ತಡೆದೂ, ತಿಣುಕಿ ತಿಣುಕಿ ಒಳಗಿನ ನರ ಊದಿಕೊಂಡಿದೆ, ಪಕ್ಕದಲ್ಲಿ ಸ್ವಲ್ಪ ಸೀಳಿದೆ ಅಂದರು. ನೆತ್ತರು ಕಂಡವರು ಹೀಗೆ ಮುಚ್ಚಿಟ್ಟುಕೊಂಡು ಕೂಡ್ರಬಾರದು, ಬೇರೆ ಕೆಟ್ಟ ರೋಗದಲ್ಲೂ ನೆತ್ತರು ಬರುತ್ತದೆ ಎಂದು ಬೈದರು. ನಾನೆಲ್ಲಿ ಕೂತಿದ್ದೆ? ಹೊತ್ತು ಬಂದಾಗ ತಡೆಯಬೇಡಿ, ನೀರು ಮಜ್ಜಿಗೆ ಕುಡಿಯಿರಿ, ಸೊಪ್ಪು ತಿನ್ನಿರಿ, ಖಾರ ಬಿಡಿ, ಇಸಬಗೋಲ ನೆನೆಸಿ ಕುಡಿಯಿರಿ. ಒಂದು ಮುಲಾಮು. ಮತ್ತೆ ಬೆಳಗ್ಗೆ ಸಂಜೆ ಉಗುರುಬೆಚ್ಚಗಿನ ನೀರಿನಲ್ಲಿ ಕೂತಿರಬೇಕು.

ಆ ಕೊನೆಯ ಔಷಧದ ಮಾತು ಹೇಳಲೇಬೇಕು. ಬಚ್ಚಲಿನಲ್ಲಿ ಸ್ನಾನದ ನೀರು ತುಂಬುವ ಅಗಲ ಬಾಯಿಯ ದೊಡ್ಡ ತಾಮ್ರದ ಘಂಗಾಳ, ಅದರ ತುಂಬ ಬೆಚ್ಚಗಿನ ನೀರು, ಅದರಲ್ಲಿ ನಾನು. ಹೊಗೆಯೂ ಹಬೆಯೂ ಕೂಡಿ ಗೋಡೆಗಳು ಕರಗಿ ಹೋಗುತ್ತಿದ್ದವು. ಲಗ್ನವಾದ ಮೇಲೆ ಹಗಲಿನಲ್ಲಿ ಕೆಲಸವಿಲ್ಲದೆ ಕೂತದ್ದು ಅದೇ ಮೊದಲು. ಸೀನಾ ಹೊಳೆ ಬಚ್ಚಲಿಗೇ ಬರುತ್ತಿತ್ತು. ಎಮ್ಮೆಗಳು ಕಣ್ಣು ಮುಚ್ಚಿ ಕೂತಿರುತ್ತಿದ್ದವು, ಅವುಗಳ ನಡುವೆ ನಾನೊಂದು. ಹೊರಗೆ ಯಾರೋ ಕಾಳು ಅಳೆಯುವ ಸಪ್ಪಳ, ಯಾರೋ ತುಪ್ಪದ ಕಪಾಟು ತೆಗೆದ ಸಪ್ಪಳ, ಗಿಲ್ ಎಂದು ಕೀಲಿ...

ಕೀಲಿ! ಉರಿ ಇಳಿದು, ನೆತ್ತರು ನಿಂತು, ನಾನು ಮತ್ತೆ ಬದುಕುವ ಹೆಂಗಸಾದೆ ಅನ್ನುವುದು ಖಾತ್ರಿಯಾದ ದಿನ ಗಂಗವ್ವನ ಮುಂದೆ ಕೈ ಚಾಚಿದೆ.

“ತಾ ಇಲ್ಲಿ.”

“ಕೊಡತೀನ್ರಿ ಅತ್ತಿ. ಎಲ್ಲಾರ ಮುಂದ ಕೊಟ್ಟೀರಿ, ಎಲ್ಲಾರ ಮುಂದನ ತೊಗೋರಿ. ಯಾಕ ಸಾಯಾಕತ್ತಿದ್ರಿ, ಯಾಕ ಸಾಯಲಿಲ್ಲ, ಅಷ್ಟ ಹೇಳಿಬಿಡ್ರಿ.”

ಹೇಳುತ್ತೇನೆ, ನನಗೇನು ಅಂಜಿಕೆ ಅಂದೆ. ಸಂಜೆ ನಮ್ಮವರು, ಮಗ, ಮಾತಿಗೆ ಬಂದಿದ್ದ ನೆರೆಮನೆಯವರು, ಎಲ್ಲ ಮನೆಯ ಮುಂದಿನ ಕಟ್ಟೆಯ ಮೇಲೆ ಸೇರಿದ್ದರು. ನಾನೂ ಹೋಗಿ ಕೂತೆ. ಕೆಮ್ಮಿದೆ. “ನೋಡ್ರಿ, ನನಗ ಏನಾಗಿತ್ತಪಾ ಅಂದ್ರ...” ಎಲ್ಲರೂ ನನ್ನ ಕಡೆ ತಿರುಗಿದರು. ಬಾಗಿಲಲ್ಲಿ ಗಂಗವ್ವ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು.

“...ಸೊಂಟ,” ಅಂದೆ.

“ಗೊತ್ತೈತಿಲ್ಲ,” ಅಂದರು ನಮ್ಮವರು. “ಈಗ ಆರಾಮ ಐತೇನು?”

“ಆರಾಮ ಐತಿ. ಅದಕ್ಕ ಕೀಲಿ ನಾನ ಇಟಗೋತೀನಿ ಅಂತ.”

ನಮ್ಮವರು ಗಾಬರಿಯಾದರು. “ಏ ಹುಚ್ಚಿ! ಅಷ್ಟು ಭಾರದ ಗೊಂಚಲ ಮತ್ತ ಆ ಸೊಂಟಕ್ಕ? ಗಂಗವ್ವ, ಏನರೆ ಆಗಲಿ, ನಿಮ್ಮತ್ತಿ ಕೈಯಾಗ ಕೊಡಬ್ಯಾಡ ನೋಡವಾ.”

“ಇಲ್ರಿ ಮಾವಾರ, ನೀವು ಹೇಳಿದಂಗ,” ಅಂದಳು ಅವಳು, ಬಹಳ ಮರ್ಯಾದೆಯಿಂದ.

ಅಂದು ದೀಪ ಹಚ್ಚುವ ತನಕ ನಾನು ಆ ಬರಿಯ ಕಲ್ಲಿನ ಮೇಲೆ, ಕೆಳಗೆ ಒಂದು ಚಿಂದಿಯೂ ಇಲ್ಲದೆ, ಎರಡೂ ಕಡೆ ಸಮನಾಗಿ ಭಾರ ಹಾಕಿ, ಮಹಾರಾಣಿಯ ಹಾಗೆ ಕೂತಿದ್ದೆ. ಎಷ್ಟು ಚೆನ್ನಾಗಿ ಕೂತಿದ್ದೇನೆ ನೋಡಿರಿ ಎಂದು ಒಬ್ಬರಿಗೂ ಹೇಳುವಂತಿರಲಿಲ್ಲ.